ಗೋಡೆಯ ಕಡೆ ಮುಖ

ಕೂಕಟ್‌ಪಲ್ಲಿಯ ನಮ್ಮ ಆಫೀಸಿನಲ್ಲಿ ಮ್ಯಾನೇಜರ್ ಸರ್ವರಿನ ಪಾಸ್‌ವರ್ಡ್ ಒತ್ತುವಾಗ ಉಳಿದವರೆಲ್ಲ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕಿತ್ತು. ಮಕ್ಕಳಿಗೆ ಮದುವೆ ಮಾಡಿದವರೂ ಶಾಲೆಯ ಶಿಕ್ಷೆಯಂತೆ ನಿಲ್ಲುತ್ತಿದ್ದರು. ಮ್ಯಾನೇಜರ್ ಕಲಬುರಗಿಯವನು. ಬೇರೆಯವರನ್ನು ತೆಲುಗಿನಲ್ಲಿ ಬೈದರೆ, ನನಗೆಂದೇ ಕನ್ನಡ ಎತ್ತಿಟ್ಟುಕೊಂಡಿದ್ದ.

ಒಮ್ಮೆ ಮೀಟಿಂಗಿನಲ್ಲಿ ಅವನ ತಪ್ಪೊಂದನ್ನು ತಿದ್ದಿದೆ. ಅವತ್ತೇ ಎಲ್ಲರೆದುರು ನನ್ನನ್ನು ತನ್ನ ಮೇಜಿಗೆ ಕರೆದ. ಸರ್ವರಿನ ಅಧಿಕಾರ ಯಾರಿಗಿದೆ ಎಂದು ಬರೆದಿಡುವ ಫೈಲೊಂದಿದೆ. ಅದರ ಒಂದು ಸಾಲಿನಲ್ಲಿದ್ದದ್ದು ಅವನ ಹೆಸರು, ಒಂದು ಕಾಮಾ, ಆಮೇಲೆ ನನ್ನ ಹೆಸರು. ಪಾಸ್‌ವರ್ಡ್ ಒತ್ತಿ, ಉಳಿದವರೆಲ್ಲ ಕೂತ ಮೇಲೆ ನನಗೆ, "ಈಗ ಈ ಕಡೆ ತಿರುಗು. ನಿನ್ನ ಹೆಸರು ಹೆಂಗ ಅಳಸ್ತೀನಿ, ಕಣ್ತುಂಬ ನೋಡು," ಎಂದ.

ಆ ಫೈಲನ್ನು ತಿದ್ದಲು, ತಪ್ಪಿದ್ದರೆ ಸೇವ್ ಆಗುವ ಮುನ್ನವೇ ಎಚ್ಚರಿಸುವ ಕಮ್ಯಾಂಡ್ ಬೇರೆಯೇ ಇದೆ. ಅದು ಪುಕ್ಕಲರಿಗೆ ಎಂದು ಅವನು ಸಾದಾ ಎಡಿಟರಿನಲ್ಲಿ ತೆರೆದಿದ್ದ. ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಕಾಮಾ ಹಾಗೇ ಉಳಿಯಿತು. ಅದರ ಮುಂದೆ ಹೆಸರಿಲ್ಲದಿದ್ದರೆ ಆ ಸಾಲೇ ಕೆಟ್ಟು, ಅವನ ಅಧಿಕಾರವೂ ಹೋಗುತ್ತದೆ. ನನಗೆ ಕಂಡಿತ್ತು. ಬಾಯಿ ಬಿಡಲಿಲ್ಲ, ಬಿಡಬೇಕಿತ್ತೆಂದು ಇವತ್ತಿಗೂ ಅನಿಸಿಲ್ಲ.

ಸೇವ್ ಮಾಡಿ ಮುಚ್ಚಿದ. ಮುಂದಿನ ಕಮ್ಯಾಂಡಿಗೇ ಸರ್ವರ್ ಅವನಿಗೆ ಅನುಮತಿಯಿಲ್ಲ ಎಂದಿತು. ಮತ್ತೆ ಒತ್ತಿದ, ಮತ್ತೆ ಅದೇ. ನನ್ನ ಕಡೆ ತಿರುಗಿದ.

"ಏನಾತಿದು? ನೀವು ಒಂದೀಟು ನೋಡ್ರಿ," ಎಂದ. ಅವನು ನನಗೆ ಬಹುವಚನ ಕೊಟ್ಟದ್ದು ಅದೇ ಮೊದಲು.

ನಾನು ಗೋಡೆಯ ಕಡೆ ತಿರುಗಿ ನಿಂತೆ. ಉಳಿದವರೂ ಒಬ್ಬೊಬ್ಬರಾಗಿ ಎದ್ದು ತಿರುಗಿದರು.