ಯಾರ ಜೊತೆ ಎಂದು ಕೇಳಿದಾಗ

ಸುಗುಣಾ, ನಿನ್ನ ಮದುವೆ ಮುರಿದವಳು ನಾನು. ಜಾತಕವಲ್ಲ, ಗ್ರಹಚಾರವಲ್ಲ, ನೀನು ಇಷ್ಟು ವರ್ಷ ಅಂದುಕೊಂಡಿರುವ ಆ ಇನ್ನೊಂದು ಕಾರಣವಂತೂ ಅಲ್ಲವೇ ಅಲ್ಲ — ನಾನು. ಫ್ಯಾಕ್ಟರಿಯಲ್ಲಿ ನಿನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ ಪದ್ಮ. ನೀನು ಇವತ್ತಿಗೂ ಪದ್ದು ಎಂದು ಕರೆಯುವವಳು. ಇದನ್ನು ನಿನ್ನೆದುರು ಹೇಳಿಬಿಡಬೇಕೆಂದು ಇಂದಿರಾನಗರದಿಂದ ಹಲಸೂರಿಗೆ ಎಷ್ಟು ಸಲ ಬಂದಿದ್ದೇನೋ. ಬಂದು, ಸೀಮೆಎಣ್ಣೆ ಸಿಗುತ್ತಿಲ್ಲ ಎಂದು ಮಾತಾಡಿ, ಮಕ್ಕಳ ಶಾಲೆಯ ಮಾತಾಡಿ, ಎದ್ದು ಹೋಗಿದ್ದೇನೆ. ಹತ್ತು ಹನ್ನೆರಡು ವರ್ಷ ಹೀಗೇ ಕಳೆಯಿತು. ಮಾತಿನಲ್ಲಿ ಪದ್ಮನನ್ನು ಮೀರಿಸುವವರಿಲ್ಲ ಅಂತ ಸೆಕ್ಷನ್ನಿಗೆಲ್ಲ ಹೆಸರು — ಬೇಕಾದ ಒಂದು ಮಾತು ಮಾತ್ರ ಈ ಬಾಯಿಗೆ ಬರಲಿಲ್ಲ.

ಮೊದಲಿಂದ ಹೇಳುತ್ತೇನೆ. ಗೊತ್ತಿರುವುದನ್ನೇ ಹೇಳುತ್ತಿದ್ದಾಳೆ ಎಂದು ಬೇಜಾರು ಮಾಡಿಕೊಳ್ಳಬೇಡ. ನಿನಗೆ ಗೊತ್ತಿಲ್ಲದ ಜಾಗಕ್ಕೆ ಬರಲು ನನಗೆ ಬೇರೆ ದಾರಿಯಿಲ್ಲ.

ಶನಿವಾರ ಅರ್ಧ ದಿನ. ಫ್ಯಾಕ್ಟರಿ ಬಸ್ಸು ಹಲಸೂರಿನಲ್ಲಿ ಇಳಿಸಿದರೆ ಮಿಕ್ಕ ಹುಡುಗಿಯರೆಲ್ಲ ಮನೆ ಕಡೆ, ನಾವಿಬ್ಬರು ಮಾತ್ರ ಬಜಾರ್ ರಸ್ತೆಯ ಹೋಟೆಲಿನ ಫ್ಯಾಮಿಲಿ ರೂಮಿಗೆ. ಫ್ಯಾಮಿಲಿ ರೂಮೆಂದರೆ ಏನು ಮಹಾ, ಒಂದು ಮೇಜು, ನಾಲ್ಕು ಕುರ್ಚಿ, ಸಾಂಬಾರಿನ ಕಲೆ ಹಿಡಿದ ಒಂದು ಪರದೆ. ಗಂಡಸರ ಜೊತೆ ಬಂದ ಹೆಂಗಸರಿಗೆಂದು ಮಾಡಿದ್ದು. ಮದುವೆಯಾಗದ ಹುಡುಗಿಯರಿಬ್ಬರೇ ಹೋಟೆಲಿಗೆ ನುಗ್ಗುವುದನ್ನು ಆಗ ಯಾರು ಕಂಡಿದ್ದರು? ಮೀಸೆ ನರೆತ ಆ ಸಪ್ಲೈಯರ್ ನಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ, "ಯಜಮಾನ್ರು ಬರ್ತಾರಾ ಅಮ್ಮಾ?" ಎನ್ನುವುದು. ನೀನು ಮುಖ ಬಿಗಿಹಿಡಿದು, "ಬರ್ತಾರೆ. ಅಷ್ಟರಲ್ಲಿ ನೀವು ಎರಡು ಮಸಾಲೆ ದೋಸೆ ತಗೊಂಡ್ಬನ್ನಿ," ಎನ್ನುವುದು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುವುದು. ಬಾರದ ಯಜಮಾನರ ಹೆಸರಿನಲ್ಲಿ ಎಷ್ಟು ದೋಸೆ ತಿಂದೆವು ನಾವು! ಕೆಲವು ಸಂಜೆ ಶಿವಾಜಿನಗರಕ್ಕೂ ಹೋಗುತ್ತಿದ್ದೆವು. ಮಾರ್ಕೆಟ್ಟಿನ ಹಿಂದಿನ ಚಹದಂಗಡಿಯ ಸಾಹೇಬರು ಮೊದಲ ದಿನ ನಮ್ಮನ್ನು ನೋಡಿ ಗಾಬರಿಯಾಗಿ, ಆಮೇಲೆ ತಾವೇ ಒಳಗಿನ ಮೂಲೆಯ ಬೆಂಚು ಒರೆಸಿ, "ಆವೋ ಬೇಟಿ, ಬನ್ನಿ, ಇಲ್ಲಿ ಕೂತ್ಕೊಳ್ಳಿ. ಯಾರೂ ಏನೂ ಅನ್ನಲ್ಲ," ಎಂದರು. ಅಲ್ಲಿ ಬನ್ನಿಗೆ ಬೆಣ್ಣೆ ಹಚ್ಚಿಸಿಕೊಂಡು ಚಹಾದಲ್ಲಿ ಅದ್ದಿ ತಿಂದ ರುಚಿ — ನಾನು ಆಮೇಲೆ ಮನೆಯಲ್ಲಿ ಎಷ್ಟು ಸಲ ಮಾಡಿ ನೋಡಿದೆ. ಬರಲಿಲ್ಲ.

ತಿಂಗಳಿಗೊಂದು ಭಾನುವಾರ ರೈಲು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಬಂಗಾರಪೇಟೆಗೆ ಟಿಕೆಟ್ ತೆಗೆಯುವುದು, ಎಲ್ಲಿ ಮನಸ್ಸು ಬಂತೋ ಅಲ್ಲಿ ಇಳಿಯುವುದು. ಬೈಯಪ್ಪನಹಳ್ಳಿ, ಕೃಷ್ಣರಾಜಪುರ ದಾಟಿದರೆ ಊರಿನವರ ಕಣ್ಣೂ ಮುಗಿಯಿತು ಎಂದು ನೀನು ಚಪ್ಪಲಿ ಬಿಚ್ಚಿ ಕಾಲು ಮಡಚಿ ಕೂರುತ್ತಿದ್ದೆ. ಟೇಕಲ್ಲಿನಲ್ಲಿ ಇಳಿದದ್ದು ಹಾಗೆಯೇ. ಆ ಬಂಡೆಗಳ ನಡುವೆ ಏನೂ ಕೆಲಸವಿಲ್ಲದೆ ತಿರುಗಿ, ಸ್ಟೇಷನ್ ಎದುರಿನ ಗುಡಿಸಲು ಹೋಟೆಲಿನಲ್ಲಿ ಮುತ್ತುಗದ ಎಲೆಯ ಮೇಲೆ ಇಡ್ಲಿ ತಿಂದು ಬಂದೆವು. ಒಮ್ಮೆ ಮೈಸೂರಿಗೂ ಹೋದೆವು. ಫ್ಯಾಕ್ಟರಿಯ ಹೆಂಗಸರೆಲ್ಲ ಟೂರ್ ಹೋಗುತ್ತಿದ್ದಾರೆ ಎಂದು ಎರಡೂ ಮನೆಯಲ್ಲಿ ಒಂದೇ ಸುಳ್ಳು. ಛತ್ರದಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಎದ್ದಾಗ ತಡವಾಗಿ, ತಿಂಡಿ ತಿನ್ನುವುದರಲ್ಲೇ ಮಧ್ಯಾಹ್ನವಾಗಿ, ಅರಮನೆಯನ್ನೇ ನೋಡದೆ ವಾಪಸ್ಸು ಬಂದವರು ನಾವು. ಅರಮನೆ ಹೇಗಿದೆಯೇ ಎಂದು ನಿಮ್ಮಮ್ಮ ಕೇಳಿದರೆ ನೀನು ಸ್ವಲ್ಪ ಯೋಚಿಸಿ, "ದೊಡ್ಡದಾಗಿದೆ," ಎಂದೆ.

ಹೀಗಿರುವಾಗ ದಾವಣಗೆರೆಯ ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಮೇಷ್ಟರು. ನೋಡಿಕೊಂಡು ಹೋದ ಮರುದಿನ ಆ ಪರದೆಯ ಹಿಂದೆ ಕೂತು ನೀನು ಹೇಳಿದೆಯಲ್ಲ — ನನಗೆ ಒಂದೊಂದು ಅಕ್ಷರವೂ ನೆನಪಿದೆ. "ಪದ್ದು, ಅವರು ಏನು ಕೇಳಿದ್ರು ಗೊತ್ತಾ? ಹಾಡು ಬರುತ್ತಾ, ಅಡಿಗೆ ಬರುತ್ತಾ, ಊಹೂಂ. ಯಾವ್ಯಾವ ಊರು ನೋಡಿದ್ದೀರಾ ಅಂತ ಕೇಳಿದ್ರು ಕಣೇ. ನಾನು ಟೇಕಲ್ ಅಂದೆ. ನಕ್ಕುಬಿಟ್ರು. ನಂಗೂ ಸುತ್ತೋ ಹುಚ್ಚು, ಇನ್ಮೇಲೆ ಒಟ್ಟಿಗೆ ಹೋಗೋಣ ಅಂದ್ರು." ನಿನ್ನ ದೋಸೆ ಆರಿ ಹೋಗಿತ್ತು. ನಿನ್ನ ಮುಖ ಅಷ್ಟು ಚೆನ್ನಾಗಿದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಬೇರೆ ಮಾತಿಲ್ಲ ಅದಕ್ಕೆ. ಆ ಮನುಷ್ಯನ ಮೇಲೆ ಆಸೆಯೇ, ಛೆ, ಅವರನ್ನು ನಾನು ಕಣ್ಣಲ್ಲೂ ಕಂಡಿರಲಿಲ್ಲ. ಟೇಕಲ್ಲನ್ನು ನೀನು ಅಷ್ಟು ಸುಲಭವಾಗಿ ಎತ್ತಿ ಕೊಟ್ಟುಬಿಟ್ಟೆಯಲ್ಲ ಎಂದು. ನೀನು ಹೋದರೆ ನನ್ನ ಶನಿವಾರ ಏನಾಗಬೇಕು ಎಂದು. ನಮ್ಮ ಮನೆಯ ಆ ಒಂದೂವರೆ ಕೋಣೆ, ಅಪ್ಪನ ಕೆಮ್ಮು, ತಂಗಿಯರ ಜಗಳ — ವಾರವಿಡೀ ನಾನು ಉಸಿರು ಬಿಗಿಹಿಡಿದು ಬದುಕುತ್ತಿದ್ದದ್ದು ಆ ಪರದೆಯ ಹಿಂದಿನ ಒಂದು ಗಂಟೆಗೆ. ಸಬೂಬು ಹೇಳುತ್ತಿಲ್ಲ. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡದನ್ನು ಮಾಡಿದೆ ಎಂದು ಹೇಳುತ್ತಿದ್ದೇನೆ.

ಹೆಣ್ಣಿನ ಬಗ್ಗೆ ವಿಚಾರಿಸುವುದು ನಮ್ಮ ಜನರ ಪದ್ಧತಿ ಅಲ್ಲವೇ. ಹೆತ್ತವರನ್ನು ಕೇಳಿದರೆ ಹೊಗಳುತ್ತಾರೆ, ನೆಂಟರನ್ನು ಕೇಳಿದರೆ ಮುಚ್ಚುತ್ತಾರೆ, ಅದಕ್ಕೇ ಜೊತೆಯಲ್ಲಿ ಓಡಾಡುವವರನ್ನು ಹಿಡಿಯುವುದು. ಹುಡುಗನ ಸೋದರತ್ತೆ ಲಿಂಗರಾಜಪುರದಲ್ಲಿದ್ದರು. ಒಂದು ಭಾನುವಾರ ಬೆಳಿಗ್ಗೆ ಹುಡುಕಿಕೊಂಡು ನಮ್ಮ ಮನೆಗೇ ಬಂದರು. ಅಮ್ಮ ಸೊಸೈಟಿಯಲ್ಲಿ ಸಕ್ಕರೆಗೆ ನಿಂತಿದ್ದಳು. ಅಪ್ಪ ಹೊರಗೆ ಹೋಗಿದ್ದರು, ತಂಗಿಯರು ಬೀದಿಯಲ್ಲಿ ಆಡುತ್ತಿದ್ದರು. ನಾನೊಬ್ಬಳೇ. ಚಾಪೆ ಹಾಸಿದೆ, ನೀರು ಕೊಟ್ಟೆ.

"ನೀನು ಅವಳ ಜೊತೇಲಿ ಕೆಲಸ ಮಾಡೋಳಂತೆ. ನಿನಗಿಂತ ಚೆನ್ನಾಗಿ ಇನ್ಯಾರಿಗಮ್ಮಾ ಗೊತ್ತಿರುತ್ತೆ? ಹುಡುಗಿ ಹೇಗೆ?" ಎಂದು ಕೇಳಿದರು.

"ತುಂಬಾ ಒಳ್ಳೇವಳು," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಸ್ವಲ್ಪ ಓಡಾಟ ಜಾಸ್ತಿ ಅಷ್ಟೆ."

"ಓಡಾಟ ಅಂದ್ರೆ?"

"ಹೋಟ್ಲು, ರೈಲು... ರಜ ಬಂದ್ರೆ ಮನೇಲಿ ಕಾಲು ನಿಲ್ಲಲ್ಲ. ಮೈಸೂರಿಗೂ ಹೋಗಿ ಒಂದು ರಾತ್ರಿ ಇದ್ದು ಬಂದ್ಲು."

ಅವರು ನೀರಿನ ಲೋಟ ಕೆಳಗಿಟ್ಟರು. "ಯಾರ ಜೊತೆ?"

"ಅದು ನಂಗೆ ಗೊತ್ತಿಲ್ಲ."

ಸುಗುಣಾ, ನಾನು ಹೇಳಿದ್ದರಲ್ಲಿ ಸುಳ್ಳು ಅದೊಂದೇ. ಮಿಕ್ಕಿದ್ದೆಲ್ಲ ನಿಜ, ನೋಡು. ನನ್ನ ಜೊತೆ ಎಂದಿದ್ದರೆ ಆ ಹೆಂಗಸು ನಕ್ಕು, ಹುಡುಗಾಟದ ವಯಸ್ಸು ಎಂದು ಎದ್ದು ಹೋಗುತ್ತಿದ್ದರು. ಹೋಗಲಿ, ಫ್ಯಾಕ್ಟರಿ ಹೆಂಗಸರ ಜೊತೆ ಎಂದು ನಾವಿಬ್ಬರೂ ಸೇರಿ ಕಟ್ಟಿದ್ದ ಸುಳ್ಳಾದರೂ ಇತ್ತಲ್ಲ, ಅದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಿನ್ನ ಎದುರಿನ ಕುರ್ಚಿಯಿಂದ ನಾನು ಎದ್ದುಹೋಗಿ, ಅಲ್ಲಿ ಯಾವನೋ ಇಲ್ಲದ ಗಂಡಸನ್ನು ಕೂರಿಸಿದೆ. ತಿಳಿಯದೆ ಬಾಯಿ ತಪ್ಪಿ ಬಂದ ಮಾತಲ್ಲ. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ನನಗೆ ಸಾಕಷ್ಟು ಹೊತ್ತಿತ್ತು.

ದಾವಣಗೆರೆಯವರು ಬೇಡ ಎಂದು ಹೇಳಿಕಳಿಸಿದರು. ಕಾರಣ ಕೇಳಿದ್ದಕ್ಕೆ ಜಾತಕ ಕೂಡಲಿಲ್ಲ ಎಂದರು. ಮರ್ಯಾದಸ್ಥರು ಕಾರಣ ಹೇಳುವುದಿಲ್ಲ, ಅದೂ ಒಂದು ಪದ್ಧತಿ. ಆ ವಾರ ನಿನ್ನ ಕೈಯಲ್ಲಿ ತಂತಿ ಪದೇಪದೇ ತುಂಡಾಗುತ್ತಿತ್ತು, ನಾನು ಪಕ್ಕದಿಂದ ಬಗ್ಗಿ ಸರಿಮಾಡಿ ಕೊಡುತ್ತಿದ್ದೆ. ಶನಿವಾರ ನೀನೇ, "ಹೋಗ್ಲಿ ಬಿಡು, ಬಾ ಪದ್ದು, ದೋಸೆ ತಿನ್ನೋಣ," ಎಂದೆ. ಬಂದೆ. ತಿಂದೆ. ಒಳಗೊಳಗೆ ಸಂತೋಷವಾಗಿತ್ತು ಎಂದೂ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನಾಗಬೇಕು.

ಆ ಸಂತೋಷ ಒಂದು ವಾರವೂ ಬಾಳಲಿಲ್ಲ. ಮುಂದಿನ ಸಲ ನಾವು ಕೂತಿದ್ದಾಗ ಗಾಳಿಗೆ ಪರದೆ ಅಲ್ಲಾಡಿತು, ಆ ಸೋದರತ್ತೆಯೇ ನಿಂತಿದ್ದಾರೆ ಎನಿಸಿ ನನ್ನ ಕೈಯ ತುತ್ತು ಕೆಳಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು ಅಂದಿನಿಂದ ನನ್ನದು. ರೈಲಿನಲ್ಲಿ ಯಾರಾದರೂ ಹೆಂಗಸು ನಿನ್ನ ಪಕ್ಕ ಕೂತು ಮಾತಿಗೆಳೆದರೆ ನಾನು ನಡುವೆ ಬಾಯಿ ಹಾಕಿ ಮಾತು ಬದಲಿಸುತ್ತಿದ್ದೆ. ನಿನಗೆ ಬಂದ ಇನ್ನೆರಡು ಸಂಬಂಧಗಳೂ ವಿಚಾರಿಸುವ ಹೊತ್ತಿಗೆ ಹಿಂದೆ ಸರಿದವು. ಅವರು ನನ್ನ ಹತ್ತಿರ ಬರಲೇ ಇಲ್ಲ, ಬರುವ ಅಗತ್ಯವೇ ಇರಲಿಲ್ಲ. ಮಾತು ಲಿಂಗರಾಜಪುರದಿಂದ ತಾನೇ ನಡೆದುಕೊಂಡು ಹೋಗಿತ್ತು. ಒಂದು ಮದುವೆ ತಪ್ಪಿಸುತ್ತೇನೆ ಎಂದುಕೊಂಡು ನಿನ್ನ ಎಲ್ಲ ಮದುವೆಗಳನ್ನೂ ತಪ್ಪಿಸಿದ್ದೆ.

ಆಮೇಲೆ ನನಗೇ ಸಂಬಂಧ ಬಂತು, ನಾನು ಮದುವೆಯಾದೆ. ಹೌದು, ಆ ಪರದೆ, ಆ ರೈಲು, ಎಲ್ಲವನ್ನೂ ಬಿಟ್ಟು ಹೋದವಳು ಕೊನೆಗೆ ನಾನೇ. ಚಪ್ಪರದಲ್ಲಿ ಎಲೆ ಹಾಕಿ ಬಡಿಸುತ್ತಿದ್ದವಳು ನೀನು. ಒಂದು ದಿನ ನಮ್ಮತ್ತೆ ಅವರೇಕಾಳು ಹಿಸುಕುತ್ತಾ ಕೂತಿದ್ದಾಗ ನಗುನಗುತ್ತಾ ಹೇಳಿದರು: "ನಿನ್ನ ಬಗ್ಗೆ ವಿಚಾರಿಸೋಕೆ ಆ ಸುಗುಣನ ಹತ್ರ ಹೋಗಿದ್ದೆ ಕಣಮ್ಮ. ಹೋಟ್ಲು ಗೀಟ್ಲು ಸುತ್ತುತ್ತಾಳಂತಲ್ಲ ಅಂದೆ. ಅವಳು, ನನ್ನ ಜೊತೇನೇ ಅಮ್ಮಾ, ಪಾಪ ಅವಳಿಗೆ ಇಷ್ಟವಿಲ್ಲ, ನಾನೇ ಬಲವಂತವಾಗಿ ಎಳ್ಕೊಂಡು ಹೋಗ್ತೀನಿ ಅಂದ್ಲು." ನಾನು ಕಾಳಿನ ಮೊರ ಬಿಟ್ಟು ಹಿತ್ತಲಿಗೆ ಹೋದೆ. ಅತ್ತೆ ನಾಚಿಕೆ ಎಂದುಕೊಂಡರು.

ಅದೇ ಪ್ರಶ್ನೆ ನಿನ್ನನ್ನೂ ಕೇಳಿದ್ದರು ಸುಗುಣಾ. ನಿನಗೆ ಉತ್ತರ ಗೊತ್ತಿತ್ತು.

ಇವತ್ತಿಗೂ ನಾನು ಚೀಲ ಹಿಡಿದು ಹೊರಟರೆ ನನ್ನ ಗಂಡ, "ಯಾರ ಜೊತೆ ಹೋಗ್ತಿದ್ದೀಯ?" ಎನ್ನುತ್ತಾರೆ. ಯಾವ ಗಂಡನೂ ಕೇಳುವ ಮಾತು. ಪೇಪರಿನಿಂದ ತಲೆಯನ್ನೂ ಎತ್ತುವುದಿಲ್ಲ ಪಾಪ. ನಾನು ಮಾತ್ರ ಚಪ್ಪಲಿ ಮೆಟ್ಟುವ ನೆಪದಲ್ಲಿ ಬಗ್ಗಿಬಿಡುತ್ತೇನೆ. ನೀನು ಈಗ ಒಬ್ಬಳೇ ಸುತ್ತುತ್ತೀಯ — ಶಿವಮೊಗ್ಗ, ಹಂಪಿ, ಕನ್ಯಾಕುಮಾರಿಗೂ ಹೋಗಿಬಂದೆ. ಬಂದಾಗಲೆಲ್ಲ ನನ್ನ ಮಕ್ಕಳಿಗೆ ಏನಾದರೂ ತರುತ್ತೀಯ. ಮುಂದಿನ ಸಲ ನೀನೂ ಬಾರೇ ಎನ್ನುತ್ತೀಯ. ಮನೆ, ಮಕ್ಕಳು ಎಂದು ನೆಪ ಹೇಳುತ್ತೇನೆ. ನಿನ್ನೆದುರು ಕೂತು ಊಟ ಮಾಡುವ ಧೈರ್ಯ ನನಗಿಲ್ಲ, ನಿಜ ಅದು.

ಇಷ್ಟನ್ನೂ ಹೊತ್ತುಕೊಂಡೇ ಸತ್ತುಹೋಗುತ್ತಿದ್ದೆನೇನೋ. ಆದರೆ ಹೋದ ತಿಂಗಳು ನಿಮ್ಮಮ್ಮ ತೀರಿಕೊಂಡರು. ಹದಿಮೂರನೆಯ ದಿನ, ನೆಂಟರೆಲ್ಲ ಹೋದ ಮೇಲೆ, ಹಿಂದಿನ ಮೆಟ್ಟಿಲ ಮೇಲೆ ಕೂತು ನೀನು ಅಂದೆ: "ಪದ್ದು, ದಾವಣಗೆರೆಯವರು ಅಮ್ಮನ ಕೈ ನೋಡಿ ಹಿಂದೆ ಹೋದ್ರು ಅಂತ ಅಮ್ಮನಿಗೆ ಮೊದಲಿಂದ ಅನುಮಾನ. ಒಂದಿನ ಜಗಳದಲ್ಲಿ ನಾನೂ ಅಂದ್ಬಿಟ್ಟೆ ಕಣೇ, ನಿನ್ನ ಕೈಯಿಂದಲೇ ನನ್ನ ಬಾಳು ಹೀಗಾಯ್ತು ಅಂತ."

ನಿಮ್ಮಮ್ಮನ ಬಲಗೈಯ ತೊನ್ನು. ಮಣಿಕಟ್ಟಿನಿಂದ ಮೊಣಕೈವರೆಗಿನ ಆ ಬಿಳಿ ಮಚ್ಚೆ. ಅವರು ಉದ್ದ ತೋಳಿನ ರವಿಕೆ ಹೊಲಿಸಿಕೊಳ್ಳಲು ಶುರುಮಾಡಿದ್ದು ಆ ಸಂಬಂಧ ತಪ್ಪಿದ ಮೇಲೆಯೇ. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟರು, ಯಾರ ಮನೆಯಲ್ಲೂ ಬಡಿಸಲು ಕೈ ಹಾಕಲಿಲ್ಲ. ಏಪ್ರಿಲ್ಲಿನ ಸೆಕೆಯಲ್ಲೂ ಆ ತೋಳು ಮಡಚಲಿಲ್ಲ. ನನ್ನ ಕಣ್ಣೆದುರೇ ಇದೆಲ್ಲ ನಡೆಯಿತು. "ಕೊನೇವರೆಗೂ ಮುಚ್ಕೊಂಡೇ ಇದ್ಲು, ನಾನು ಅಂದಿದ್ದಕ್ಕೆ," ಎಂದು ನೀನು ಮೊಣಕಾಲಿಗೆ ತಲೆ ಇಟ್ಟು ಅತ್ತೆ. ಊಟ ಸೇರುತ್ತಿಲ್ಲ ಎಂದೆ. ನಾನು ನಿನ್ನ ಬೆನ್ನು ಸವರುತ್ತಾ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ನಾಳೆ ಬರುತ್ತೇನೆ. ಈಗ ಮನಸ್ಸಿನಲ್ಲೇ ನಿನಗೆ ಹೇಳುತ್ತಿರುವುದನ್ನೆಲ್ಲ ಈ ಸಲ ಬಾಗಿಲಲ್ಲೇ ನಿಂತು ಹೇಳುತ್ತೇನೆ, ಒಳಗೆ ಕರೆದರೆ ಮತ್ತೆ ಸೀಮೆಎಣ್ಣೆ, ಶಾಲೆ ಎಂದು ಶುರುಮಾಡಿಬಿಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ನೀನು ಬಾಗಿಲು ಹಾಕಿಕೊಂಡರೆ ವಾಪಸ್ಸು ನಡೆದು ಹೋಗುತ್ತೇನೆ. ಆದರೆ ಒಂದು ಮಾತು ಮಾತ್ರ ನೀನು ಪೂರ್ತಿ ಕೇಳಿಸಿಕೊಳ್ಳಬೇಕು. ಇಷ್ಟು ಹೊತ್ತು ಎಲ್ಲ ಬಿಚ್ಚಿ ಹೇಳುತ್ತೇನೆ ಎನ್ನುತ್ತಲೇ ಅದನ್ನೂ ನುಂಗಿಕೊಂಡು ಬಂದೆ ನೋಡು, ಎಂಥವಳು ನಾನು.

ಆ ಭಾನುವಾರ ಆ ಸೋದರತ್ತೆ ಹುಡುಗಿ ಹೇಗೆ ಎಂದು ಕೇಳುವ ಮೊದಲು, ಚಾಪೆಯ ಮೇಲೆ ಕೂರುತ್ತಲೇ ನಿಮ್ಮಮ್ಮನ ವಿಷಯ ಎತ್ತಿದ್ದರು. "ತಾಯಿ ಕೈಯಲ್ಲಿ ತೊನ್ನಿದೆ, ನೋಡಿದ್ವಿ. ಅದಕ್ಕೇನಂತೆ, ನಮ್ಮತ್ತೆಗೂ ಇತ್ತು. ಆಯಮ್ಮ ಆ ಕೈಯಲ್ಲೇ ಉಪ್ಪಿಟ್ಟು ಕೊಟ್ರು, ಎಷ್ಟು ರುಚಿಯಾಗಿತ್ತು ಅಂತೀಯ, ಎರಡು ಸಲ ಹಾಕಿಸ್ಕೊಂಡೆ," ಎಂದಿದ್ದರು.

ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು, ಸುಗುಣಾ. ನಿಮ್ಮಮ್ಮನಿಗೆ ಹೇಳಿದರೆ, ಆ ಸೋದರತ್ತೆ ನಮ್ಮ ಮನೆಗೆ ಯಾಕೆ ಬಂದಿದ್ದರು ಎಂದು ಕೇಳುತ್ತಾರಲ್ಲ ಎಂದು ಹೇಳಲಿಲ್ಲ.