ಡಬ್ಬಿಯಲ್ಲಿದ್ದ ಅತಿ ಚಿಕ್ಕ ಗಾಳ

ಡಾಕ್ಟರ ಅಂಗೈ ಮೇಲೆ ಕರಬೂಜದ ಬೀಜದಷ್ಟೇ ಇದ್ದ ಒಂದು ಹಿತ್ತಾಳೆಯ ಎಲೆ ಹೊಳೆಯುತ್ತಿತ್ತು. ಅದರ ತುದಿಗೆ ಮೂರು ಮುಳ್ಳಿನ ಕೊಕ್ಕೆ. ಆ ಅಂಗೈಯೋ, ತೊಳೆದೂ ತೊಳೆದೂ ಬಿಳುಚಿಕೊಂಡದ್ದು. ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದರು.

"ತಂಗೀ, ಇದಕ್ಕೆ ಸ್ವಲ್ಪ ದಾರ ಪೋಣಿಸಿ ಕೊಡು. ನನ್ನ ಕಣ್ಣಿಗೆ ಈ ತೂತು ಕಾಣುದೇ ಇಲ್ಲ" ಎಂದರು.

ಅರವತ್ತರ ದಶಕದ ಕೊನೆ. ನಾನು ಜರ್ಮನಿಯ ಬಾನ್‌ಗೆ ಬಂದು ಒಂದು ಚಳಿಗಾಲ ಕಳೆದಿತ್ತು. ಅದಕ್ಕೆ ಮೊದಲು ಮೈಸೂರಿನಲ್ಲಿ ಹೆರಿಗೆಯಾಗಿತ್ತು, ಮಗು ಉಳಿಯಲಿಲ್ಲ. ರಸಾಯನಶಾಸ್ತ್ರದ ಸಂಶೋಧನೆಗೆಂದು ಇಲ್ಲಿದ್ದ ನಮ್ಮ ಯಜಮಾನರು, ಜಾಗ ಬದಲಾದರೆ ಮನಸ್ಸೂ ಬದಲಾದೀತು ಎಂದು ನನ್ನನ್ನು ಕರೆಸಿಕೊಂಡರು. ಮೊದಲು ನಾನು ವಟವಟ ಅನ್ನುವ ಹೆಂಗಸು. ಇಲ್ಲಿ ಬಾಯಿಗೆ ಬೀಗ ಬಿತ್ತು. ಹೂಂ, ಊಹೂಂ, ಅಷ್ಟೇ.

ಕನ್ನಡದವರು ಬರುತ್ತಿದ್ದರು, ಪಾಪ. "ಇನ್ನೂ ಚಿಕ್ಕ ವಯಸ್ಸು, ಇನ್ನೊಂದು ಆಗುತ್ತೆ ಬಿಡಿ" ಎಂದು ಒಬ್ಬರು. "ಜರ್ಮನ್ ಕ್ಲಾಸಿಗೆ ಸೇರ್ಕೊಳ್ಳಿ, ಟೈಮ್ ಪಾಸ್ ಆಗುತ್ತೆ" ಎಂದು ಇನ್ನೊಬ್ಬರು. "ಕಲೋನ್‌ನಲ್ಲಿ ಯುಗಾದಿ ಮಾಡ್ತೀವಿ, ಬಂದು ಹಾಡು ಹೇಳಿ" ಎಂದು ಮತ್ತೊಬ್ಬರು. ಹಾಡಂತೆ ಹಾಡು! ನಾನು ಎದ್ದು ಹೋಗಿ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೊನೆಗೆ ಯಜಮಾನರು, "ಈಸ್ಟರ್ ತನಕ ನೋಡೋಣ. ಹೀಗೇ ಇದ್ರೆ ಎಲ್ಲಾ ಬಿಟ್ಟು ಊರಿಗೆ ಹೋಗಿಬಿಡೋಣ" ಎಂದರು. ಆ ಕೆಲಸವೆಂದರೆ ಅವರಿಗೆ ಜೀವ. ನನಗೆ ಗೊತ್ತಿತ್ತು. ಆದರೂ ಹೂಂ ಎಂದೆ, ಅಷ್ಟೇ.

ಮಾರ್ಚ್‌ನ ಒಂದು ಭಾನುವಾರ ಡಾಕ್ಟರು ಬಂದರು. ಕುಮಟಾ ಕಡೆಯವರು, ಬಾನ್‌ನಲ್ಲಿ ಹಳಬರು, ಒಂಟಿ ಜೀವ. ಈ ಊರಲ್ಲಿ ಕಲ್ಲೆಸೆದರೆ ಒಬ್ಬ ಡಾಕ್ಟರ ತಲೆಗೆ ತಗಲುತ್ತದೆ, ನಮ್ಮನೆಯವರೂ ಪಿಎಚ್.ಡಿ. ಮಾಡಿದ ಡಾಕ್ಟರೇ. ಇವರೂ ಅದೇ ಇನ್‌ಸ್ಟಿಟ್ಯೂಟಿನ ಬಾಟಲಿ ಕುಲುಕುವವರಿರಬೇಕು ಎಂದುಕೊಂಡೆ. ಹೇಗಿದ್ದೀ ಎಂದು ಅವರು ಕೇಳಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಪೆಪ್ಪರ್‌ಮಿಂಟಿನ ಹಳೇ ಡಬ್ಬಿ ತೆರೆದರು. ಒಳಗೆ ದೊಡ್ಡದು, ಚಿಕ್ಕದು, ಬಗೆಬಗೆಯ ಗಾಳ. ನೀರಲ್ಲಿ ಎಳೆದರೆ ಎಲೆ ಗಿರಗಿರ ಸುತ್ತುತ್ತದೆ, ಮೀನಿಗೆ ಅದು ಮರಿಮೀನಿನ ಹಾಗೆ ಕಾಣುತ್ತದೆ.

"ಈಗ ನೀರು ಕೊರೀತದೆ ನೋಡು," ಎಂದು ಡಬ್ಬಿಗೇ ಹೇಳುವವರಂತೆ ಹೇಳಿದರು. "ಬಾರ್ಶ್ ಮೀನು ತಳದಲ್ಲಿ ಸುಮ್ನೆ ಮಲಗಿರ್ತದೆ. ದೊಡ್ಡದು ಹಾಕಿದ್ರೆ ತಿರುಗಿ ಸಹ ನೋಡುದಿಲ್ಲ. ಎಲ್ಲಕ್ಕಿಂತ ಸಣ್ಣದು ಹಾಕ್ಬೇಕು. ಎಲೆ ತಿರುಗ್ತದೋ ಇಲ್ವೋ ಅನ್ನುವಷ್ಟು ನಿಧಾನ ಎಳೀಬೇಕು. ಮೇ ಬರ್ಲಿ, ಆಗ ದೊಡ್ಡದಕ್ಕೂ ಹಾರಿ ಬರ್ತದೆ."

ಆ ಹಿತ್ತಾಳೆ ಎಲೆಗೆ ದಾರ ಪೋಣಿಸಿ, ಗಂಟು ಹಾಕಿ ಕೊಟ್ಟೆ. "ಭಾರೀ ಉಪಕಾರ ಆಯ್ತು" ಎಂದು ಎದ್ದು ಹೊರಟೇಬಿಟ್ಟರು. ಕಾಫಿ ಕೇಳಲೂ ಇಲ್ಲ. ಮುಂದಿನ ಭಾನುವಾರ ಮತ್ತೆ ಬಂದರು: ದಾರ ಕಿತ್ತು ಹೋಯಿತಂತೆ. ಅದರ ಮುಂದಿನ ವಾರ, ನೀರಿನ ಹತ್ತಿರವೇ ಕಿತ್ತರೆ ಯಾರು ಕಟ್ಟಿಕೊಡುತ್ತಾರೆ ಎಂಬ ಪ್ರಶ್ನೆ ಎದ್ದಿತು. ಹೀಗೆ ಈರುಳ್ಳಿಯನ್ನೂ ಮುಟ್ಟದ ಮನೆಯ ಮಗಳು ಮೀನು ಹಿಡಿಯುವವರ ಪಕ್ಕ, ಜೀಗ್ ಹೊಳೆಯ ದಂಡೆಯಲ್ಲಿ, ಎರಡು ಸ್ವೆಟರ್ ಹಾಕಿಕೊಂಡು ಕೂತಳು. ಅಮ್ಮ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು.

ಎಷ್ಟೋ ಹೊತ್ತು ಏನೂ ಸಿಗಲಿಲ್ಲ. ಅವರು ಎಸೆಯುವುದು, ಆಮೆಗಿಂತ ನಿಧಾನವಾಗಿ ಎಳೆಯುವುದು. ನನಗೆ ರೇಗಿಹೋಯಿತು.

"ಇಷ್ಟು ಚಿಕ್ಕದಕ್ಕೆ ಯಾವ ಮೀನು ಬರುತ್ತೆ ಡಾಕ್ಟ್ರೇ? ಸುಮ್ನೆ ಚಳೀಲಿ ಸಾಯ್ತಿದ್ದೀವಿ!"

ಮೈಸೂರು ಬಿಟ್ಟ ಮೇಲೆ ನಾನು ಆಡಿದ ಮೊದಲ ಪೂರ್ತಿ ಮಾತು ಅದು. ನನಗೇ ಗಾಬರಿಯಾಯಿತು. ಅವರು ನನ್ನ ಕಡೆ ತಿರುಗಲಿಲ್ಲ. "ನೋಡುವ" ಎಂದರು.

ದಾರ ಮೆಲ್ಲಗೆ ಜಗ್ಗಿತು. ಮೈಮೇಲೆ ಕಪ್ಪು ಪಟ್ಟೆ, ಕೆಂಪು ರೆಕ್ಕೆ, ಗೇಣುದ್ದವೂ ಇಲ್ಲದ ಬಾರ್ಶ್. ಕೊಕ್ಕೆ ಬಿಡಿಸಿ, "ಇನ್ನೂ ಮಗು" ಎಂದು ನೀರಿಗೆ ಬಿಟ್ಟರು. ಆ ಮಾತಿಗೆ ನನ್ನ ಕಟ್ಟೆ ಒಡೆಯಿತು. ಹೋ ಎಂದು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಪಕ್ಕದಲ್ಲೇ ನಿಂತು ಗಾಳ ಎಸೆಯುತ್ತಿದ್ದರು.

"ತಲೆ ತುಂಬಾ ಕೂದಲಿತ್ತು," ಎಂದೆ.

"ಹೌದಾ?" ಎಂದರು.

ಅಷ್ಟೇ. ಆಮೇಲೆ ನಾನು ಕತ್ತಲಾಗುವ ತನಕ ಮಾತಾಡಿದೆ. ಮನೆಗೆ ಬಂದು ಯಜಮಾನರ ಜೊತೆಗೂ ಮಾತಾಡಿದೆ. ಮಗುವಿನ ಮುಖ ಅವರು ನೋಡಿರಲೇ ಇಲ್ಲ. ಹಣೆ, ಮೂಗು, ಬೆರಳು ಎಲ್ಲ ಹೇಳಿದೆ. ಈಸ್ಟರ್ ಬಂತು, ಹೋಯಿತು. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ.

ಅದೇ ಬೇಸಿಗೆಯಲ್ಲಿ ಲ್ಯಾಬಿನಲ್ಲಿ ಗಾಜು ಸಿಡಿದು ಯಜಮಾನರ ಕಣ್ಣಿಗೆ ಚೂರು ಹೊಕ್ಕಿತು. ಕ್ಲಿನಿಕ್‌ಗೆ ಓಡಿದೆ. ಆಪರೇಷನ್ ಮುಗಿಸಿ ಹಸಿರು ಗೌನಿನಲ್ಲಿ ಹೊರಗೆ ಬಂದವರು ಯಾರು? ನಮ್ಮ ಡಾಕ್ಟರು! "ದೃಷ್ಟಿಗೆ ಏನೂ ಆಗುದಿಲ್ಲ ತಂಗೀ, ಹೊಲಿಗೆ ಹಾಕಿದ್ದೇನೆ" ಎಂದರು. ಯಜಮಾನರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. "ನಿಂಗೆ ಗೊತ್ತಿರ್ಲಿಲ್ವಾ? ಕಣ್ಣಿನ ಹೊಲಿಗೆಗೆ ಇವರನ್ನೇ ಹುಡುಕ್ಕೊಂಡು ಬರ್ತಾರೆ. ಕೂದಲಿಗಿಂತ ಸಣ್ಣ ದಾರ!" ಎಂದರು.

ಕೂದಲಿಗಿಂತ ಸಣ್ಣ ದಾರ ಪೋಣಿಸುವವರಿಗೆ ಗಾಳದ ತೂತು ಕಾಣುತ್ತಿರಲಿಲ್ಲವಂತೆ! ಮುಂದಿನ ಭಾನುವಾರ ಅವರು ಬಂದಾಗ ಜಗಳವಾಡಿದೆ. "ನನಗೆ ಟೋಪಿ ಹಾಕಿದ್ರಲ್ಲ!" ಎಂದೆ.

"ಎಂತ ಮಾಡುದು ಮಾರಾಯ್ತಿ," ಎಂದರು. "ನೀರು ತಣ್ಣಗಿತ್ತು."

ಎಪ್ಪತ್ತರ ದಶಕದ ಕೊನೆಗೆ ಅವರಿಗೆ ಕೈ ನಡುಕ ಶುರುವಾಯಿತು. ಕ್ಲಿನಿಕ್ ಬಿಟ್ಟರು. ಜನ ಹೂಗುಚ್ಛ ಹಿಡಿದು ಬಂದು, ತಮ್ಮ ಕಣ್ಣು ಉಳಿಸಿದ ಕೈಗಳನ್ನು ಹೊಗಳುತ್ತಿದ್ದರು. ಅವರು ಎದ್ದು ಕಿಟಕಿಯ ಹತ್ತಿರ ಹೋಗುತ್ತಿದ್ದರು. ಒಂದು ಮಾರ್ಚ್‌ನಲ್ಲಿ ನಾನೂ ಹೋದೆ. ನೀವಿಲ್ಲದಿದ್ದರೆ ನನ್ನ ಸಂಸಾರ ಏನಾಗುತ್ತಿತ್ತು, ಬಾನ್‌ನಲ್ಲೇ ಹುಟ್ಟಿದ ನನ್ನ ಮಗಳು ಎಲ್ಲಿರುತ್ತಿದ್ದಳು, ಎಲ್ಲವನ್ನೂ ದಾರಿಯುದ್ದಕ್ಕೂ ಟ್ರಾಮಿನಲ್ಲಿ ಜೋಡಿಸಿಕೊಂಡಿದ್ದೆ.

ಮೇಜಿನ ಮೇಲೆ ಅದೇ ಡಬ್ಬಿ ಇತ್ತು. ಅವರ ಮಡಿಲಲ್ಲಿ ದಾರ ಸಿಕ್ಕುಸಿಕ್ಕಾಗಿ ಬಿದ್ದಿತ್ತು.

"ಈ ಸಲ ಸುಳ್ಳಲ್ಲ ತಂಗೀ," ಎಂದರು. "ಆಗುದೇ ಇಲ್ಲ."

ಜೋಡಿಸಿಕೊಂಡು ಹೋದದ್ದನ್ನೆಲ್ಲ ಹಾಗೇ ನುಂಗಿದೆ. ಡಬ್ಬಿಯಲ್ಲಿದ್ದ ಅತಿ ಚಿಕ್ಕದನ್ನು ಆರಿಸಿ, ದಾರ ಪೋಣಿಸಿ, ಗಂಟು ಹಾಕಿ ಅವರ ಅಂಗೈ ಮೇಲಿಟ್ಟೆ.

"ಕಾಫಿ ಮಾಡ್ಲಾ ಡಾಕ್ಟ್ರೇ?" ಎಂದೆ.

"ಅರ್ಧ ಲೋಟ ಸಾಕು," ಎಂದರು. ಆಮೇಲೆ ಕುಮಟಾದ ಮನೆ, ಅಮ್ಮ, ನಡುಗುವ ಕೈಯ ಭಯ, ಎಲ್ಲವನ್ನೂ ಕತ್ತಲಾಗುವ ತನಕ ಹೇಳಿದರು. ನಾನು ಆಗಾಗ "ಹೌದಾ?" ಎನ್ನುತ್ತಿದ್ದೆ.

ಮೇ ಬರುವ ಮೊದಲೇ ಅವರು ತೀರಿಕೊಂಡರು. ಅಂದು ಟ್ರಾಮಿನಲ್ಲಿ ಜೋಡಿಸಿಕೊಂಡ ಮಾತು ನನ್ನಲ್ಲೇ ಉಳಿಯಿತು. ಅದನ್ನೇ ಈಗ ಇಲ್ಲಿ ಬರೆದಿದ್ದೇನೆ.