ಚಿನ್ನಿಯ ಬೆನ್ನಿನ ಎಕ್ಸ್‌ರೇ

ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆಯಾಕೆ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಅವರು ಅಕ್ಕೋರು. ಯಾರು ಏನು ಕೇಳಿದರೂ ಕನ್ನಡಕ ಮೇಲೇರಿಸಿ, "ಗಡಿಬಿಡಿ ಎಂತಕ್ಕೆ?" ಎನ್ನುತ್ತಿದ್ದರು. ಅವರ ಡ್ಯಾಶ್‌ಹಂಡ್ ನಾಯಿ ಚಿನ್ನಿಗೂ ಅದೇ ಜಾತಿಯ ನಮ್ಮ ಗಂಡುನಾಯಿ ರಾಜನಿಗೂ ಜೋಡಿ ಮಾಡೋಣವೆಂದು ನಾನು ಕೇಳಿದಾಗಲೂ ಅದನ್ನೇ ಅಂದರು.

"ಉದ್ದ ಬೆನ್ನಿನ ಜಾತಿ ಇದು. ಚಿನ್ನಿಯ ತಾಯಿ ಕಡೆಕಡೆಗೆ ಹಿಂಗಾಲು ಎಳಕಂಡೇ ತಿರುಗ್ತಿತ್ತು. ಡಿಸ್ಕಿನ ರೋಗ ಮರಿಗೂ ಬತ್ತದಂತೆ. ಮೊದ್ಲು ಎರಡರದ್ದೂ ಎಕ್ಸ್‌ರೇ ಆಗ್ಲಿ."

ಹಾಗೆಂದರೂ ಆಸೆ ತಡೆಯದೆ, ಬೀದಿಯ ಅರ್ಧ ಮನೆಗಳಿಗೆ ಮರಿ ಕೊಡುತ್ತೇನೆಂದು ಹೇಳಿಬಿಟ್ಟರು.

ಕುಮಟಾದ ವೈದ್ಯರು ಎರಡೂ ಚಿತ್ರಗಳನ್ನು ಬೆಳಕಿಗೆ ಹಿಡಿದರು. ರಾಜನ ಬೆನ್ನು ಚೆನ್ನಾಗಿತ್ತು. ಚಿನ್ನಿಯ ಡಿಸ್ಕ್‌ಗಳು ಮಾತ್ರ ಅಲ್ಲಲ್ಲಿ ಸುಣ್ಣಗಟ್ಟಿ ಬೆಳ್ಳಗೆ ಕಾಣುತ್ತಿದ್ದವು.

"ಈಗ ನೋವಿಲ್ಲ. ಆದರೆ ಇವಳಿಂದ ಮರಿ ಬೇಡ" ಎಂದರು ವೈದ್ಯರು.

ಅಕ್ಕೋರು ಚಿನ್ನಿಯನ್ನು ಎದೆಗೊತ್ತಿಕೊಂಡರು. ಆಮೇಲೆ, "ಆತು. ಮೊದ್ಲೇ ಗೊತ್ತಾಗಿದ್ದು ಒಳ್ಳೇದಾತು" ಎಂದರು.

ಮರುದಿನ ಮನೆಮನೆಗೆ ಹೋಗಿ, ಚಿನ್ನಿಗೆ ಮರಿ ಮಾಡಿಸುವುದಿಲ್ಲವೆಂದು ತಾವೇ ಹೇಳಿ ಬಂದರು. ರಾಜನಿಗೆ ಭಟ್ಕಳದಲ್ಲಿ ಹೆಣ್ಣು ಹುಡುಕಿದವರೂ ಅವರೇ. ಅದರ ಬೆನ್ನಿನ ಎಕ್ಸ್‌ರೇ ನೋಡಿದ ಮೇಲೆಯೇ ನನಗೆ ಒಪ್ಪಿಗೆ ಕೊಟ್ಟರು.

ಮರಿಗಳನ್ನು ನೋಡಲು ಭಟ್ಕಳಕ್ಕೆ ಇಬ್ಬರೂ ಹೋದೆವು. ಅಕ್ಕೋರು ನೆಲದ ಮೇಲೇ ಕೂತರು. ಮರಿಗಳೆಲ್ಲ ಅವರ ಸೀರೆ ಜಗ್ಗಾಡತೊಡಗಿದವು.

"ನಿಮಗೊಂದು ಬೇಡ್ವಾ ಅಕ್ಕೋರೆ?" ಎಂದೆ.

"ಚಿನ್ನೀನ ಕೇಳದೆ ಹ್ಯಾಂಗೆ ಹೇಳ್ಲಿ?" ಎಂದರು. ಅಷ್ಟರಲ್ಲಾಗಲೇ ಎಲ್ಲಕ್ಕಿಂತ ಸಣ್ಣ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು.